ಮೇಜು ಗುದ್ದುವ ಜರ್ಮನ್

ಇಂಗ್ಲಿಷ್ ಧಾರಾವಾಹಿಯಲ್ಲಿ ಯಾರಾದರೂ ಜರ್ಮನ್ ಮಾತಾಡಲು ಬಾಯಿ ತೆರೆದರೆ ಸಾಕು, ನನ್ನ ಹೆಬ್ಬೆರಳು ತಾನಾಗಿ ರಿಮೋಟಿನ ಗುಂಡಿಯ ಮೇಲೆ ಹೋಗಿ ಕೂರುತ್ತದೆ. ಅವನು ಒಂದು ವಾಕ್ಯ ಮುಗಿಸುತ್ತಾನೆ, ನಾನು ಒತ್ತುತ್ತೇನೆ. ಉದ್ದನೆಯ ಕೋಟಿನ ಆ ಮಹಾಶಯ ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ, ಸೀನು ಬರಲೆಂದು ಕಾಯುತ್ತಿರುವವನ ಹಾಗೆ ಪರದೆಯ ಮೇಲೆ ನಿಂತುಬಿಡುತ್ತಾನೆ. ಆಮೇಲೆ ನಾನು ತೀರ್ಪಿಗಾಗಿ ಕಾಯುತ್ತೇನೆ. ತೀರ್ಪು ಬರುವುದಿಲ್ಲ. ಅದನ್ನು ಕೊಡಬೇಕಾದವಳು ಹೋದ ವರ್ಷ ತೀರಿಕೊಂಡಳು. ಸ್ವಲ್ಪ ಹೊತ್ತು ನಾನೂ ಅವನೂ ಮುಖ ಮುಖ ನೋಡಿಕೊಂಡು ಕೂತಿದ್ದು, ಮತ್ತೆ ಒತ್ತಿ ಅವನನ್ನು ಅವನ ಯುದ್ಧಕ್ಕೆ ಕಳಿಸುತ್ತೇನೆ.

ಅವಳು ನನ್ನ ಹೆಂಡತಿ, ಶೈಲಜಾ. ಚಿಕ್ಕಬಾಣಾವರದ ಈ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನರ್ಸ್ ಹುಡುಗಿಯರಿಗೆ ಜರ್ಮನ್ ಹೇಳಿಕೊಡುತ್ತಿದ್ದಳು. ನನಗೆ ಆ ಭಾಷೆ ಬರುವುದಿಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಬಹಳ ತಿಳಿದವನಂತೆ ಮಾತಾಡಲಿದ್ದೇನೆ. ನಾನು ಓದಿದ್ದು ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ಐಟಿಐ. ಪೀಣ್ಯದ ಒಂದು ಗೇರ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೂತು, ಕೇಳಿದವರಿಗೆ ಬೇರಿಂಗು ಬೋಲ್ಟು ಕೊಡುತ್ತ ನಿವೃತ್ತನಾದೆ. ಆದರೆ ಹಾಡಲು ಬಾರದವನ ಕಿವಿಗೂ ಅಪಸ್ವರ ಬೀಳುತ್ತದಲ್ಲ, ನನ್ನ ಜರ್ಮನ್ ಪಾಂಡಿತ್ಯ ಅಷ್ಟರದು. ವರ್ಷಗಟ್ಟಲೆ ಸಂಜೆ ಊಟಕ್ಕೆ ಮುಂಚೆ ಅವಳ ಪಕ್ಕ ಕೂತು ಬೈಗುಳ ಕೇಳಿ ಕೇಳಿ ಬಂದ ಪಾಂಡಿತ್ಯ.

ಅವಳು ಸೋಫಾದ ಮೇಲೆ ಕೂರುತ್ತಿರಲಿಲ್ಲ. ನೆಲದ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದಳು. ರಾಣೆಬೆನ್ನೂರಿನವಳು. ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಕೋಪ ಬಂದಾಗ ಆ ಕಡೆಯ ಮಾತೇ ಬರುತ್ತಿತ್ತು.

"ನಿಲ್ಸ್ರೀ ಅದನ್ನ!" ಎನ್ನುವಳು. ನಾನು ಒತ್ತುವೆ. "ಏನ್ರೀ ಇದು? ಇವನ ಬಾಯಾಗ ಬಿಸಿ ಬಟಾಟಿ ಇಟ್ಟು ಮಾತಾಡಿಸ್ಯಾರೇನು?"

"ನನಗೇನು ಗೊತ್ತಾಗಬೇಕು ಶೈಲಾ."

"ಗೊತ್ತಾಗಾಕ ಏನೈತ್ರೀ ಅದರಾಗ? ಸಾಲು ಬಾಯಿಪಾಠ ಮಾಡ್ಯಾನ. ಉಸಿರು ಎಲ್ಲಿ ತಗೋಬೇಕು ಅನ್ನೂದು ಯಾರೂ ಹೇಳಿಕೊಟ್ಟಿಲ್ಲ. ಒಂದ ಗುಟುಕಿಗೆ ನುಂಗಿಬಿಟ್ಟ. ಫೇಲು!"

ಅಂಕಗಳ ವಿಷಯದಲ್ಲಿ ಅವಳು ಬಿಗಿ. ಪಾಸು ಅಪರೂಪ. ಬಹಳ ಹೆದರಿಕೊಂಡು ಮಾತಾಡುವ ನಟರಿಗೆ "ಪಾಪ, ಪ್ರಯತ್ನ ಮಾಡ್ಯಾನ" ಎಂದು ಕೃಪಾಂಕ ಕೊಡುತ್ತಿದ್ದಳು. ಧೈರ್ಯವಾಗಿ ತಪ್ಪು ಮಾತಾಡುವವರಿಗೆ ಕ್ಷಮೆಯೇ ಇರಲಿಲ್ಲ. ಆ ಭಾಷೆಯಲ್ಲಿ ಬೆಕ್ಕು ಮೆಲ್ಲಗೆ ಬುಸುಗುಟ್ಟಿದಂತೆ ಹೊರಡಿಸಬೇಕಾದ ಒಂದು ಸದ್ದಿದೆಯಂತೆ. 'ನಾನು' ಎನ್ನಬೇಕಾದರೂ ಅದು ಬೇಕು. ಲಕ್ಷಾಂತರ ಜನ ನೋಡುವ ಧಾರಾವಾಹಿ ಮಾಡುವವರು, ಒಂದು ಹಳೆಯ ರೈಲುಗಾಡಿಯನ್ನು ಹುಡುಕಿ ತಂದು ಬಣ್ಣ ಬಳಿದು ಓಡಿಸುವವರು, ಆ ಕಾಲದ ಅಂಗಿಗೆ ಆ ಕಾಲದ ಗುಂಡಿಯನ್ನೇ ಹೊಲಿಸುವವರು, ಆ ಬೆಕ್ಕಿನ ಸದ್ದೊಂದನ್ನು ಹೊರಡಿಸಲಾರರು. "ಗುಂಡಿಗೆ ಕೊಟ್ಟ ಗಮನ ಗಂಟಲಿಗೂ ಕೊಡಬಾರದೇನ್ರೀ?" ಎಂದು ಅವಳು ಅವರೆಕಾಯಿಯ ಸಿಪ್ಪೆಯನ್ನು ಟೀವಿಯ ಕಡೆ ಎಸೆಯುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ದೃಶ್ಯ, ಮುಚ್ಚಿದ ಕೋಣೆಯದು. ಬಾಗಿಲಿಗೆ ಅಗಳಿ ಹಾಕಿದೆ. ಒಳಗೆ ಇಬ್ಬರೇ ಇಬ್ಬರು ಜರ್ಮನ್ ಅಧಿಕಾರಿಗಳು. ಹೊರಗಿನ ಒಂದು ನರಪಿಳ್ಳೆಯೂ ಇಲ್ಲ. ಆದರೂ ಇಬ್ಬರೂ ಪರಮ ಗುಟ್ಟನ್ನು ಇಂಗ್ಲಿಷಿನಲ್ಲೇ ಹೇಳಿಕೊಳ್ಳುತ್ತಾರೆ. ಹೌದು, ಇಲ್ಲ, ಸ್ವಾಮಿ, ಇಷ್ಟು ಮಾತ್ರ ಜರ್ಮನ್. "ಅಡಿಗಿಮನಿಯಾಗ ಹಾಲು ಉಕ್ಕಿದ್ರ ನಾನೂ ನೀವೂ ಇಂಗ್ಲಿಷಿನಾಗ ಕೂಗಿದಂಗಾತು" ಎಂದು ನಗುತ್ತಿದ್ದಳು. ಗೂಢಚಾರ ನಾಯಕರ ಮೇಲಂತೂ ವಿಶೇಷ ಕಣ್ಣು. ಅವರಿಗೆ ಒಂಬತ್ತೋ ಹತ್ತೋ ಭಾಷೆ ನೀರು ಕುಡಿದಂತೆ ಬರುತ್ತದೆ ಎಂದು ಕಥೆಯಲ್ಲಿ ಮೊದಲೇ ಹೇಳಿರುತ್ತಾರೆ. ನಾಯಕ ಎರಡು ಮಾತು ಜರ್ಮನ್ ಆಡುತ್ತಾನೆ. ಎದುರಿನ ಚೆಲುವೆ ಹುಬ್ಬೇರಿಸಿ, ನಿನ್ನ ಉಚ್ಚಾರಣೆ ಎಷ್ಟು ಸೊಗಸು, ನೀನು ಜರ್ಮನಿಯ ರಾಜಧಾನಿಯಲ್ಲೇ ಹುಟ್ಟಿರಬೇಕು ಎನ್ನುತ್ತಾಳೆ. ಕಥೆಯೊಳಗೆ ಯಾರಾದರೂ ಹೀಗೆ ಹೊಗಳಿದರೆ ನೋಡುವವರು ಕಿವಿ ಮುಚ್ಚಿಕೊಳ್ಳಬೇಕು ಎನ್ನುವುದು ಶೈಲಜಾಳ ಸಿದ್ಧಾಂತ. ಒಂದು ಸಲವೂ ಸುಳ್ಳಾಗಲಿಲ್ಲ.

ಯಾವಾಗಲಾದರೊಮ್ಮೆ ನಿಜವಾದ ಜರ್ಮನ್ ನಟನೊಬ್ಬ ಬಂದುಬಿಡುತ್ತಿದ್ದ. ಅವಳಿಗೆ ಎರಡೇ ಮಾತಿಗೆ ಗೊತ್ತಾಗುತ್ತಿತ್ತು. ಆಗ ಮುಖ ಸಪ್ಪಗಾಗುತ್ತಿತ್ತು. "ಇವ ಅಲ್ಲಿಯವನ. ಮುಂದ ಓಡಿಸ್ರಿ, ಮಜಾ ಇಲ್ಲ."

ಅವಳು ಜರ್ಮನ್ ಕಲಿತದ್ದು ಸಾಹಿತ್ಯ ಓದಲಿಕ್ಕಲ್ಲ. ಪೀಣ್ಯದಲ್ಲೇ ಇನ್ನೊಂದು ಕಂಪನಿಯಲ್ಲಿ ಸೆಕ್ರೆಟರಿಯಾಗಿದ್ದಳು. ಆ ಕಂಪನಿಗೆ ಜರ್ಮನಿಯಿಂದ ಯಂತ್ರಗಳು ಬರುತ್ತಿದ್ದವು, ಯಂತ್ರದ ಹಿಂದೆ ಫ್ಯಾಕ್ಸುಗಳು, ಫ್ಯಾಕ್ಸಿನ ಹಿಂದೆ ಮನುಷ್ಯರು. ಕಂಪನಿಯವರೇ ಅವಳನ್ನು ಕ್ಲಾಸಿಗೆ ಕಳಿಸಿದರು. ಯಂತ್ರ ಕೂರಿಸಲು ಬಂದವರಲ್ಲಿ ಒಬ್ಬ, ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ ಆಸಾಮಿ, ಮಾತಾಡುತ್ತಿದ್ದದ್ದು ಮಾತ್ರ ದೇವರಮನೆಯಲ್ಲಿ ಮಾತಾಡಿದ ಹಾಗೆ. ಒಂದು ದಿನ ಯಾರೋ ಯಂತ್ರದ ಸೆಟ್ಟಿಂಗ್ ಬದಲಾಯಿಸಿಬಿಟ್ಟಿದ್ದರು. ಅವನು ಬಂದ, ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡು, ಹೂವಿನಂಥ ದನಿಯಲ್ಲಿ ಒಂದು ವಾಕ್ಯ ಹೇಳಿದ. ಸುತ್ತ ನಿಂತ ಫಿಟ್ಟರುಗಳೆಲ್ಲ ಆಶೀರ್ವಾದ ಸಿಕ್ಕಿದವರ ಹಾಗೆ ಶೈಲಜಾಳ ಕಡೆ ತಿರುಗಿದರು. ಅವಳು ಅನುವಾದಿಸಿದಳು: "ಇದನ್ನು ಮುಟ್ಟಿದ ಕತ್ತೆ ಯಾರು ಅಂತ ಕೇಳ್ತಿದಾರೆ."

ಆದ್ದರಿಂದ ನಮ್ಮ ಮನೆಯಲ್ಲಿ ಜರ್ಮನ್ ಎಂದರೆ ಮೆಲುದನಿಯ ಭಾಷೆ. ಬೈಯುವುದಿದ್ದರೂ ಮೆಲ್ಲಗೆ. ಟೀವಿಯಲ್ಲಿ ನೋಡಿದರೆ ಆ ದೇಶದಲ್ಲಿ ಯಾರೂ ಮೇಜು ಗುದ್ದದೆ ಒಂದು ಮಾತಾಡುವಂತಿಲ್ಲ. ಜರ್ಮನ್ ಮಾತಾಡುವವರೆಲ್ಲ ಸೈನ್ಯದವರು, ವಿಷ ತಯಾರಿಸುವ ವಿಜ್ಞಾನಿಗಳು, ಬಂದೂಕು ಮಾರುವವರು. ಒಬ್ಬ ಜರ್ಮನ್ ತರಕಾರಿ ಕೊಂಡದ್ದನ್ನು, ಮಗುವಿನ ಮೂಗು ಒರೆಸಿದ್ದನ್ನು ನಾನು ಕಂಡೇ ಇಲ್ಲ. ಮಕ್ಕಳು ಹುಟ್ಟುತ್ತಲೇ ಬೂಟು ಹಾಕಿಕೊಂಡು ಬರುತ್ತಾರೋ ಏನೋ.

ನಗುವ ಹಕ್ಕು ನನಗಿಲ್ಲ ಎನ್ನುವುದೂ ಗೊತ್ತು. ದಾವಣಗೆರೆಯ ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯದ ನಾಟಕವೊಂದನ್ನು ಆಡಿಸಿದ್ದರು. ನಾನು ಕಲೆಕ್ಟರ್ ದೊರೆ. ಬಣ್ಣ ಸ್ವಲ್ಪ ಬಿಳಿ ಎನ್ನುವುದೊಂದೇ ನನ್ನ ಅರ್ಹತೆ. ಅದರ ಮೇಲೂ ಮುಖಕ್ಕೆ ಒಂದು ಡಬ್ಬಿ ಪೌಡರು ಸುರಿದು, ಬ್ಯಾಂಡ್‌ಸೆಟ್ಟಿನವರ ಟೋಪಿ ತಂದು ತಲೆಗಿಟ್ಟರು. ಟೋಪಿ ಕಣ್ಣಿನ ತನಕ ಇಳಿಯುತ್ತಿತ್ತು. ನನ್ನ ಸಾಲುಗಳಲ್ಲಿ ವ್ಯಾಕರಣ ಸರಿಯಾಗಿದ್ದದ್ದು ಒಂದೂ ಇರಲಿಲ್ಲ. "ನಾವು ನಿಮ್ಗೆ ಗುಂಡು ಹೊಡೀತಾನೆ!" ಎಂದು ನಾನು ಕೂಗಿದರೆ ಸಭೆಯಲ್ಲಿ ಚಪ್ಪಾಳೆ. ಅಷ್ಟಾದರೆ ಪರವಾಗಿಲ್ಲ. ಮುಂದಿನ ದೃಶ್ಯದಲ್ಲಿ ದೊರೆ ಬಂಗಲೆಗೆ ಹೋಗಿ ಹೆಂಡತಿಯ ಜೊತೆ ಇಬ್ಬರೇ ಕೂತು, "ಡಿಯರ್, ನಮ್ಗೆ ಹೊಟ್ಟೆ ಹಸಿದಾನೆ" ಎನ್ನುತ್ತಾನೆ. ದೊರೆಸಾನಿಯಾಗಿದ್ದ ಬಸವರಾಜ, "ನಿಮ್ದು ಊಟ ರೆಡಿ ಆಗಿದ್ದಾಳೆ" ಎನ್ನುತ್ತಾನೆ. ಮನೆಯೊಳಗೂ ಯಾಕೆ ಸಾರ್ ತಪ್ಪು ಕನ್ನಡ ಎಂದು ನಾನು ಮೇಷ್ಟರನ್ನು ಕೇಳಿದ್ದೆ. "ದೊರೆ ನೆಟ್ಟಗೆ ಮಾತಾಡಿದ್ರೆ ದೊರೆ ಅಂತ ಯಾವನು ನಂಬ್ತಾನಲೇ?" ಎಂದು ತಲೆಗೆ ಮೊಟಕಿದರು. ನಾಟಕಕ್ಕೆ ಬಹುಮಾನ ಬಂತು.

ಈ ಕಥೆ ಕೇಳಿ ಶೈಲಜಾ ಮೊರ ಪಕ್ಕಕ್ಕಿಟ್ಟು ನಕ್ಕಳು. "ಅಂದ್ರ ನೀವೂ ಆ ಕೋಟಿನೋರ ಪೈಕಿನ!"

ಬ್ರೂಕ್‌ಫೀಲ್ಡಿನಲ್ಲಿ ನನ್ನ ತಂಗಿಯ ಮಗಳ ಮನೆಯಿದೆ. ಒಂದು ಸಲ ಅಲ್ಲಿ ಗೃಹಪ್ರವೇಶದ ಊಟ. ಪಕ್ಕದ ಫ್ಲ್ಯಾಟಿನ ದೊಡ್ಡ ಮನುಷ್ಯರೊಬ್ಬರು, ಈ ಊರಿಗೆ ಬಂದು ಅರ್ಧ ಆಯುಸ್ಸು ಕಳೆದವರು, ನಮ್ಮನ್ನು ಕಂಡು ಸಂತೋಷಪಟ್ಟು, ತಮಗೆ ಕನ್ನಡವೆಂದರೆ ಪ್ರಾಣ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಎಲ್ಲರ ಒತ್ತಾಯಕ್ಕೆ ಎದ್ದು ನಿಂತು, "ಊಟ ಆಯ್ತಾ, ಸ್ವಲ್ಪ ಅಡ್ಜಸ್ಟ್ ಮಾಡಿ, ಗೊತ್ತಿಲ್ಲ" ಎಂದರು. ಕೋಣೆಯೆಲ್ಲ ಚಪ್ಪಾಳೆ. ವಾಪಸು ಬರುವಾಗ ಬಸ್ಸಿನಲ್ಲಿ ಶೈಲಜಾ, "ಇಷ್ಟು ವರ್ಷ ಆದ್ರೂ ಗೆಸ್ಟ್ ರೋಲಿನಾಗ ಅದಾರ ನೋಡ್ರಿ" ಎಂದಳು. ನಾನು ನಕ್ಕೆ. ಸ್ವಲ್ಪ ದೂರ ಹೋದ ಮೇಲೆ, "ಆದ್ರ ನಮ್ಮ ಹುಡುಗಿಯ ಮಗಳು, ಇಲ್ಲೇ ಹುಟ್ಟಿದಾಕಿ, ಆ ಮೂರು ಮಾತೂ ಆಡಲಿಲ್ಲಲ್ರಿ" ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ತಂಗಿಯ ಮಗಳ ಆ ಮಗುವಿಗೆ ಅವಳು ಪಾಸೂ ಹೇಳಲಿಲ್ಲ, ಫೇಲೂ ಹೇಳಲಿಲ್ಲ.

ಅವಳ ಕಂಪನಿ ಮುಚ್ಚಿಹೋದ ಮೇಲೆ ಈ ಕ್ಲಾಸು ಶುರುವಾಯಿತು. ಚಿಕ್ಕಬಾಣಾವರದಲ್ಲಿ ಎಲ್ಲಿ ಕಲ್ಲು ಎಸೆದರೂ ಒಂದು ನರ್ಸಿಂಗ್ ಕಾಲೇಜಿನ ಬೋರ್ಡಿಗೆ ತಾಗುತ್ತದೆ. ಜರ್ಮನಿಯಲ್ಲಿ ಮುದುಕರು ಹೆಚ್ಚಾಗಿ ನೋಡಿಕೊಳ್ಳುವವರು ಕಮ್ಮಿಯಾದರಂತೆ. ಅಲ್ಲಿಗೆ ಹೋಗಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕು. ಬರೆಯುವುದು ಒಂದು ಭಾಗ, ಮಾತಾಡುವುದು ಇನ್ನೊಂದು. ಮಾತಿನ ಪರೀಕ್ಷೆಯಲ್ಲಿ ಪರೀಕ್ಷಕರೇ ರೋಗಿಯಾಗುತ್ತಾರೆ, ಹುಡುಗಿ ನರ್ಸಾಗಿ ವಿಚಾರಿಸಬೇಕು. ಆದ್ದರಿಂದ ಅಭ್ಯಾಸಕ್ಕೆ ಒಬ್ಬ ರೋಗಿ ಬೇಕಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ದಿವಾನದ ಮೇಲೆ ಕಂಬಳಿ ಹೊದ್ದು ಮಲಗುತ್ತಿದ್ದೆ.

ಹೀಗೆ ನಾನೂ ಜರ್ಮನ್ ಬಾರದೆ ಜರ್ಮನ್ ಮಾತಾಡುವ ನಟನಾದೆ. "ಎಸ್ ಟುಟ್ ಹಿಯರ್ ವೇ" ಎನ್ನಬೇಕು, ಇಲ್ಲಿ ನೋಯುತ್ತದೆ ಎಂದರ್ಥ. ಔಷಧಿ ಕೊಟ್ಟರೆ ಬೇಡ ಎನ್ನಬೇಕು, ಕೊನೆಗೆ ಉಪಕಾರ ಸ್ಮರಿಸಬೇಕು. ನನ್ನ ಪಾತ್ರ ಅಷ್ಟೇ. ಟೀವಿಯವರಿಗೆ ಸಿಕ್ಕ ಕೃಪಾಂಕವೂ ನನಗೆ ಸಿಗಲಿಲ್ಲ.

"ರೀ, ಹೊಟ್ಟಿನೋವು ಅಂದು ಎದಿ ಯಾಕ ಹಿಡ್ಕೊಂತೀರಿ?"

"ಕೈ ಅಲ್ಲೇ ಇತ್ತು ಶೈಲಾ."

"ಮುಖ ನೋಡ್ರಿ ಮುಖ! ಇದು ನೋವಿನ ಮುಖ ಏನ್ರೀ? ಬಸ್ಸಿನಾಗ ಸೀಟು ಸಿಗದೋರ ಮುಖ ಇದು."

ಹುಡುಗಿಯರು ಬಾಯಿಗೆ ದುಪ್ಪಟ್ಟ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಒಂದು ಭಾನುವಾರ ಅವರೆಕಾಳು ಸಾರು ಜಾಸ್ತಿ ಉಂಡು ನಾನು ನಿಜವಾಗಿ ನಿದ್ದೆ ಹೋಗಿಬಿಟ್ಟೆ. ಪ್ರಶ್ನೆಗೆ ಉತ್ತರ ಬರದೆ ಒಬ್ಬಳು ಗಾಬರಿಯಿಂದ, "ಮೇಡಂ, ಪೇಷಂಟ್ ಹೋಗ್ಬಿಟ್ರು" ಎಂದಳಂತೆ. "ಬಿಡವಾ, ಗೊರಕಿ ಕೇಳಸ್ತೈತಿ" ಎಂದಳಂತೆ ಇವಳು. ಬಹಳ ದಿನ ಆ ಮಾತು ಮನೆಯಲ್ಲಿ ಓಡಾಡಿತು.

ಪೇಷಂಟ್ ಕೊನೆಗೆ ಅವಳೇ ಆದಳು. ಕಾಯಿಲೆಯ ಹೆಸರು, ವಾರ್ಡಿನ ಹೆಸರು ಇಲ್ಲಿ ಬೇಡ. ಒಂದು ಮಾತು ಹೇಳುತ್ತೇನೆ. ಅಲ್ಲಿನ ನರ್ಸೊಬ್ಬಳು ಡ್ರಿಪ್ಪಿನ ಬಾಟಲಿ ನೋಡುತ್ತ, "ನೋವು ಹೇಗಿದೆ ಅಮ್ಮ?" ಎಂದು ಕೇಳಿದಳು. ಶೈಲಜಾಗೆ ಆಗ ಮಾತೇ ಕಷ್ಟ. ಆದರೂ, "ತಂಗಿ, ಬಾಟ್ಲಿಗೆ ಕೇಳಾಕ್ಹತ್ತೀಯೋ ನನಗೋ?" ಎಂದಳು. ಹುಡುಗಿ ನಾಚಿ ಈ ಕಡೆ ತಿರುಗಿದಳು. ಮರುದಿನದಿಂದ ಮಂಚದ ಅಂಚಿನಲ್ಲಿ ಕೂತು ಕೇಳಿದಳು.

ಶೈಲಜಾ ಹೋದ ಮೇಲೆ ಕ್ಲಾಸು ನಿಂತಿತು. ಹುಡುಗಿಯರು ಬೇರೆ ಬೇರೆ ಕಡೆ ಸೇರಿಕೊಂಡರು. ಮನೆಯಲ್ಲಿ ಜರ್ಮನ್ ಎಂದರೆ ಟೀವಿಯ ಕೋಟಿನವರದು ಮಾತ್ರ ಉಳಿಯಿತು.

ಈ ಸಲ ಬೇಸಿಗೆಯಲ್ಲಿ ಪವಿತ್ರ ಬಂದಳು. ಹಿರಿಯೂರಿನ ಕಡೆಯವಳು, ಇಲ್ಲೇ ಓದಿ, ಜಾಲಹಳ್ಳಿಯ ಹತ್ತಿರದ ನರ್ಸಿಂಗ್ ಹೋಮೊಂದರಲ್ಲಿ ಕೆಲಸ ಮಾಡುತ್ತ ಪಿಜಿಯಲ್ಲಿದ್ದಾಳೆ. ಶೈಲಜಾಳ ಕೊನೆಯ ಕ್ಲಾಸಿನಲ್ಲಿದ್ದವಳು. ಬೇಕರಿಯ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಮೇಜಿನ ಮೇಲಿಟ್ಟು, ಕೂರದೆ ನಿಂತೇ ಮಾತಾಡಿದಳು.

"ಸಾರ್, ರೈಟಿಂಗ್ ಪಾಸಾಯ್ತು. ಮಾತಾಡೋದ್ರಲ್ಲಿ ಹೊಡ್ಕೊಂಡೆ. ಇನ್ನೊಂದೇ ಚಾನ್ಸು. ಜರ್ಮನೀಲಿ ಆಸ್ಪತ್ರೆಯೋರು ಅಲ್ಲೀವರ್ಗೂ ನನ್ ಪೋಸ್ಟ್ ಇಟ್ಕೊಂಡಿರ್ತಾರಂತೆ. ಈ ಸಲಾನೂ ಹೋದ್ರೆ ಬೇರೆಯವ್ರಿಗೆ ಕೊಡ್ತಾರೆ. ಆಮೇಲೆ ಊರಿಗೋಗಿ ಮದ್ವೆ ಮಾಡ್ಕೊ ಅಂತಾರೆ ಸಾರ್ ನಮ್ಮನೇಲಿ."

"ನನಗೆ ಜರ್ಮನ್ ಬರಲ್ಲಮ್ಮ. ನಿಮ್ಮ ಮೇಡಂ..."

"ಮೇಡಂ ಇಲ್ಲ ಅಂತ ಗೊತ್ತು ಸಾರ್. ಪೇಷಂಟಾದ್ರೂ ಇದ್ದೀರಲ್ಲ."

ಹೋಗಿ ಕಂಬಳಿ ತಂದೆ.

ನಾನು ಮಲಗಿದೆ. ಪವಿತ್ರ ದಿವಾನದ ಕಾಲ ಕಡೆ ನೆಟ್ಟಗೆ ನಿಂತಳು. ಎರಡೂ ಕೈ ಬೆನ್ನ ಹಿಂದೆ ಹೋದವು. ಗದ್ದ ಮೇಲೆದ್ದಿತು. "ಹಾಬೆನ್ ಝೀ ಶ್ಮೆರ್ಟ್ಸನ್!" ಎಂದು ಗುಡುಗಿದಳು. ನೋವಿದೆಯೇ ಎಂದು ಕೇಳಿದ್ದು. ನಾನು ಕಂಬಳಿ ಸಮೇತ ಎದ್ದು ಕೂತೆ. ಯಾವ ಸೇತುವೆಗೂ ನಾನು ಬಾಂಬು ಇಟ್ಟಿಲ್ಲ, ಇಟ್ಟವರ ಹೆಸರು ಬೇಕಾದರೆ ಹೇಳುತ್ತೇನೆ ಎನ್ನಬೇಕೆನಿಸಿತು. ಅವಳು ನನ್ನ ಗಾಬರಿಯನ್ನು ಒಳ್ಳೆಯ ನಟನೆ ಎಂದುಕೊಂಡು ಇನ್ನೂ ಜೋರಾಗಿ ಮುಂದಿನ ಪ್ರಶ್ನೆ ಹಾಕಿದಳು. ಔಷಧಿ ತೆಗೆದುಕೊಂಡಿರಾ ಎನ್ನುವ ಪ್ರಶ್ನೆ. ಮೇಜನ್ನು ಒಂದು ಸಲ ಗುದ್ದಿದಳು ಕೂಡ. ಬಿಸ್ಕತ್ತಿನ ಪೊಟ್ಟಣ ಹಾರಿತು.

ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಗೌರಮ್ಮ. ಈ ಕಟ್ಟಡ ಅವರದೇ. ಇದು ರಾಗಿ ಹೊಲವಾಗಿದ್ದಾಗ ಇದೇ ಜಾಗದಲ್ಲಿ ಕಳೆ ಕಿತ್ತವರು.

"ಏನ್ ಸಾ ಅದು? ಯಾರೋ ಅಂಗ್ ಒದರ್ತಾವ್ರೆ? ಪೊಲೀಸ್ನೋರಾ?"

"ಇಲ್ಲಮ್ಮ. ನರ್ಸು. ಪರೀಕ್ಷೆಗೆ ಅಭ್ಯಾಸ ಮಾಡ್ತಿದಾಳೆ."

ಗೌರಮ್ಮ ಒಳಗೆ ಇಣುಕಿ ಪವಿತ್ರಳನ್ನು ಮೇಲಿಂದ ಕೆಳಗೆ ನೋಡಿದರು. "ನರ್ಸಾ? ಇಂಗೆ ಕೇಳುದ್ರೆ ಪೇಸೆಂಟು ಉಳ್ಕಂತಾನಾ ತಾಯಿ? ನಿಮ್ ಮೇಡಮ್ಮು ಪಾಠ ಏಳುದ್ರೆ ನಂಗೆ ಕೆಳುಗ್ಡೆ ಜೋಗುಳ ಏಳ್ದಂಗೆ ಕೇಳ್ತಿತ್ತಲ್ಲ!"

ಅವರು ಇಳಿದು ಹೋದ ಮೇಲೆ ಪವಿತ್ರಳ ಕಣ್ಣಲ್ಲಿ ನೀರು. ಕೇಳಿದಾಗ ಸಂಗತಿ ಹೊರಗೆ ಬಂತು.

"ಮೇಡಂ ಹೋದ್ಮೇಲೆ ಹೊಸ ಕ್ಲಾಸಲ್ಲಿ ಬರೀ ಗ್ರಾಮರ್ರು ಸಾರ್. ಮಾತಾಡಕ್ಕೆ ಯಾರೂ ಇರ್ಲಿಲ್ಲ. ಮೊಬೈಲಲ್ಲಿ ಸೀರಿಯಲ್ ನೋಡ್ಕೊಂಡು, ಅವ್ರು ಹೇಳ್ದಂಗೇ ಹೇಳಿ ಹೇಳಿ ಕಲಿತ್ಕೊಂಡೆ. ಮೇಡಂ ನಮ್ಗೆ ಅದ್ನೇ ತೋರಿಸ್ತಿದ್ರಲ್ವಾ?"

"ತಪ್ಪು ಹುಡುಕೋಕೆ ತೋರಿಸ್ತಿದ್ಲು ಕಣಮ್ಮ!"

"ತಪ್ಪು ಯಾವ್ದು ಅಂತ ಹೇಳೋರು ಇರ್ಲಿಲ್ವಲ್ಲ ಸಾರ್."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲೋ ಒಂದು ಸ್ಟುಡಿಯೋದಲ್ಲಿ, ಜರ್ಮನಿಯನ್ನೇ ಕಾಣದ ಒಬ್ಬ ನಟ, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿಬಿಡೋಣ ಎಂದು ಬಾಯಿಪಾಠದ ಸಾಲನ್ನು ಕಿರುಚಿ ಹೋಗಿರುತ್ತಾನೆ. ಅದಕ್ಕೆ ಅವನಿಗೊಂದು ಪ್ರಶಸ್ತಿಯೂ ಬಂದಿರುತ್ತದೆ. ಅದನ್ನು ನೋಡಿ ಹಿರಿಯೂರಿನ ಹುಡುಗಿಯೊಬ್ಬಳು ಚಿಕ್ಕಬಾಣಾವರದ ಪಿಜಿಯ ಮಂಚದ ಮೇಲೆ ಕೂತು, ಮುದುಕಿಯರಿಗೆ ಮಾತ್ರೆ ಕೊಡುವುದನ್ನು ಕಲಿಯುತ್ತಾಳೆ. ಅವಳ ಅಂಕ ಹೋದರೆ ಅವನಿಗೇನು? ಶೈಲಜಾ ಇದ್ದಿದ್ದರೆ ಸಿಪ್ಪೆಯಲ್ಲ, ಮೊರವನ್ನೇ ಎಸೆಯುತ್ತಿದ್ದಳು.

ಆದರೆ ನಾನೇನು ಮಾಡಬಲ್ಲೆ? ವ್ಯಾಕರಣ ತಿದ್ದಲಾರೆ. ಬೆಕ್ಕಿನ ಸದ್ದು ಹೇಗೆ ಹೊರಡಿಸುವುದು ಎಂದು ತೋರಿಸಲಾರೆ. ಇದು ಸರಿಯಿಲ್ಲ ಎನ್ನುವುದಷ್ಟೇ ನನಗೆ ಗೊತ್ತು, ಸರಿ ಯಾವುದು ಎನ್ನುವುದು ಅವಳ ಜೊತೆ ಹೋಯಿತು. ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿದೆ.

"ನಿಮ್ಮ ನರ್ಸಿಂಗ್ ಹೋಮಲ್ಲಿ ವಯಸ್ಸಾದೋರು ಬಂದ್ರೆ ಹೇಗೆ ಕೇಳ್ತೀಯಮ್ಮ? ಕನ್ನಡದಲ್ಲಿ ಕೇಳು ನೋಡೋಣ."

"ಕನ್ನಡದಲ್ಲಾ? ಅದ್ರಲ್ಲೇನಿದೆ ಸಾರ್?"

"ಕೇಳು."

ನಾನು ಮತ್ತೆ ಮಲಗಿದೆ. ಅವಳ ಕೈ ಬೆನ್ನ ಹಿಂದಿನಿಂದ ಮುಂದೆ ಬಂತು. ದಿವಾನದ ಅಂಚಿನಲ್ಲಿ ಕೂತಳು. ಕಂಬಳಿಯ ಮಡಿಕೆ ಬಿಡಿಸಿ ಪಾದ ಮುಚ್ಚಿದಳು. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನಾಗಿ ಮಾಡಿದ್ದು. ಆಮೇಲೆ ನನ್ನ ಮುಖ ನೋಡಿ, "ಎಲ್ಲಿ ನೋಯ್ತಾ ಇದೆ ಅಜ್ಜ?" ಎಂದಳು.

"ಅಜ್ಜನಾ?"

"ಸಾರಿ ಸಾರ್, ಅಭ್ಯಾಸ."

"ಇರಲಿ ಬಿಡು. ಈಗ ಅದೇ ದನೀಲಿ ಅವರ ಭಾಷೇಲಿ ಕೇಳು. ಅಜ್ಜ ಅಂತ ಮನಸ್ಸಲ್ಲೇ ಅಂದ್ಕೊ."

"ವೋ ಟುಟ್ ಎಸ್ ವೇ?" ಎಂದಳು, ಮೆಲ್ಲಗೆ.

ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಯಾರೋ ಸರಿಯಾಗಿ ಜರ್ಮನ್ ಮಾತಾಡಿದ್ದರು. ನನ್ನ ಸಾಲು ಬರಬೇಕಿತ್ತು. ವರ್ಷಗಟ್ಟಲೆ ಹೇಳಿ ಸವೆಸಿದ ಸಾಲು, ನಿದ್ದೆಯಲ್ಲೂ ಬರುವಂಥದ್ದು. ಬರಲಿಲ್ಲ. ಎಲ್ಲಿ ಎಂದು ತೋರಿಸಲು ಕೈ ಎತ್ತಿದೆ, ಎಲ್ಲಿಡುವುದು ಎಂದು ತಿಳಿಯಲಿಲ್ಲ. ಸೂರಿನ ಕಡೆ ನೋಡುತ್ತ ಮಲಗಿದ್ದೆ.

ಪವಿತ್ರ ಬಗ್ಗಿ ನನ್ನ ಮುಖ ನೋಡಿದಳು. ಆಮೇಲೆ ಅನುಮಾನದಿಂದ, "ಸಾರ್, ಇದು ಆಕ್ಟಿಂಗಾ?" ಎಂದಳು.

"ಹ್ಞೂಂ ಕಣಮ್ಮ. ಆಕ್ಟಿಂಗೇ. ಮುಂದಿನ ಪ್ರಶ್ನೆ ಕೇಳು."

ಪರೀಕ್ಷೆಯ ತನಕ ಭಾನುವಾರ ಭಾನುವಾರ ಬಂದಳು. ಮೊದಲು ಕನ್ನಡ, ಆಮೇಲೆ ಅದೇ ಬಿಸಿಯಲ್ಲಿ ಜರ್ಮನ್. ಇದು ವಿದ್ಯಾವಂತರು ಒಪ್ಪುವ ಪದ್ಧತಿಯೋ ಅಲ್ಲವೋ ನನಗೆ ತಿಳಿಯದು. ಬಹುಶಃ ಅಲ್ಲ. ಒಂದೆರಡು ಸಲ ಹಳೆಯ ಚಾಳಿ ಬಂದು ಗದ್ದ ಮೇಲೇಳುತ್ತಿತ್ತು. "ಕೋಟು ಬಿಚ್ಚಿಡು ತಾಯಿ" ಎನ್ನುತ್ತಿದ್ದೆ. ನಕ್ಕು ಕೂರುತ್ತಿದ್ದಳು. ಗೌರಮ್ಮ ಕೆಳಗಿನಿಂದ, "ಇವತ್ತು ಕೇಳಿಸ್ತಾನೇ ಇಲ್ವಲ್ಲ ಸಾ, ಬಂದಿಲ್ವಾ ಉಡ್ಗಿ?" ಎಂದು ಕೂಗಿದ ದಿನ ನಮ್ಮಿಬ್ಬರಿಗೂ ಧೈರ್ಯ ಬಂತು.

ಪರೀಕ್ಷೆ ಮುಗಿಯಿತು. ಫಲಿತಾಂಶ ಬರುವ ತನಕ ಅದರ ಮಾತೆತ್ತುವುದಿಲ್ಲ ಎಂದು ಹಟ ಹಿಡಿದಳು. ಮೊನ್ನೆ ಫೋನು ಬಂತು. ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ನಿಂತಿದ್ದಳೋ ಏನೋ, ಹಿಂದೆ ಸ್ಟ್ರೆಚರಿನ ಗಾಲಿಯ ಸದ್ದು.

"ಸಾರ್, ಪಾಸು!"

ನಾನು ಏನೋ ಅಂದೆ. ಏನೆಂದು ನೆನಪಿಲ್ಲ.

"ಸಾರ್, ಆವತ್ತು ಏನಾಯ್ತು ಹೇಳ್ಲಾ? ಪೇಷಂಟಾಗಿದ್ದೋರು ಅಲ್ಲೀವ್ರೇ ಸಾರ್, ವಯಸ್ಸಾದ ಲೇಡಿ. ಜರ್ಮನ್ ಅಂದ್ರೆ ಅದು ಜರ್ಮನ್ನು! ಆದ್ರೆ ಆಕ್ಟಿಂಗು ಸಾರ್... ಅಯ್ಯೋ ದೇವ್ರೇ. ಅವ್ರಿಗೆ ಕೊಟ್ಟಿದ್ದ ಪಾತ್ರದ ಚೀಟೀಲಿ ಹೊಟ್ಟೆನೋವು ಅಂತಿತ್ತು ಅನ್ಸುತ್ತೆ. ಹೊಟ್ಟೆ ಮೇಲೆ ಕೈ ಇಟ್ಕೊಂಡು, ಗೋಡೆ ನೋಡ್ಕೊಂಡು, ಟ್ರೈನ್ ಅನೌನ್ಸ್ಮೆಂಟ್ ಥರ ಹೇಳ್ತಾರೆ. ಭಾಷೆ ನೂರಕ್ಕೆ ನೂರು, ನೋವು ಸೊನ್ನೆ."

"ನೀನು ನಕ್ಕುಬಿಟ್ಯಾ?"

"ಇಲ್ಲ ಸಾರ್. ಕುರ್ಚಿ ಹತ್ರ ಎಳ್ಕೊಂಡು ಕೂತು ಕೇಳ್ದೆ. ನಾವು ಮಾಡ್ತಿದ್ದಂಗೇ. ಎಲ್ಲಾ ಕೇಳಿ ಮುಗೀತು. ಅವ್ರು ಚೀಟಿ ಮಡಚಿಟ್ರು. ನಾನು ಎದ್ದೇಳ್ಬೇಕು, ಅಷ್ಟರಲ್ಲಿ ಆಯಮ್ಮ ಮೊಣಕಾಲು ಮುಟ್ಕೊಂಡು ಏನೋ ಮೆಲ್ಲಗೆ ಹೇಳಿದ್ರು. ಚೀಟೀಲಿ ಮೊಣಕಾಲಿಲ್ಲ ಸಾರ್! ನಿಜವಾಗ್ಲೂ ನೋಯುತ್ತಂತೆ, ಮೆಟ್ಲು ಹತ್ತಕ್ಕಾಗಲ್ವಂತೆ."

"ನೀನೇನಂದೆ?"

"ನಮ್ಮಜ್ಜಿಗೆ ಮಾಡೋದೇ ಹೇಳ್ದೆ. ಉಪ್ಪು ಹುರಿದು ಬಟ್ಟೇಲಿ ಕಟ್ಟಿ ಶಾಖ ಕೊಡಿ ಅಂತ. ಅದು ಯಾವ ಪಾಠದಲ್ಲೂ ಇಲ್ವಲ್ಲ, ಅರ್ಧ ಜರ್ಮನ್ನು, ಅರ್ಧ ಕೈಯಲ್ಲಿ ತೋರಿಸ್ದೆ. ಎಲ್ಲಾ ತಪ್ಪೇ ಇರ್ಬೇಕು ಸಾರ್. ಆಯಮ್ಮ ತಿದ್ದಲಿಲ್ಲ. ಎಷ್ಟು ಹೊತ್ತು ಕೊಡ್ಬೇಕು ಅಂತ ಕೇಳಿದ್ರು."